ಮರುಳಪ್ಪನ ಗಾಡಿ ಮತ್ತು ಐದು ಸೋಮವಾರ

೨ ಆಗಸ್ಟ್ ೧೯೮೨, ಸೋಮವಾರ

ಶ್ರಾವಣದ ಎರಡನೇ ಸೋಮವಾರ. ಉಪವಾಸ. ಬೆಳಕು ಹರಿಯುವ ಮೊದಲೇ ಎದ್ದು ಅಂಗಳ ಗುಡಿಸಿ ಸಗಣಿ ನೀರು ಹಾಕಿ ರಂಗೋಲಿ ಬಿಟ್ಟೆ. ಹಸು ಕರೆದೆ. ಸ್ನಾನ, ಲಿಂಗಪೂಜೆ ಮುಗಿಸಿ ಒಂದು ಲೋಟ ಹಾಲು ಕುಡಿದೆ. ಮಗಳು ಸರ್ವಮಂಗಳಳ ಎರಡು ಕಾಲಿಗೂ ಎಣ್ಣೆ ಸವರಿ, ಕಬ್ಬಿಣದ ಪಟ್ಟಿ ಕಟ್ಟಿಕೊಳ್ಳಲು ನೆರವಾದೆ. ಮಳೆಯ ತೇವಕ್ಕೆ ಅಟ್ಟದ ಮೇಲಿನ ಕಾಯಿ ಕೆಡಬಾರದೆಂದು ಕೆಳಗೆ ಒಣ ಮಟ್ಟೆ ಹೊತ್ತಿಸಿ ಹೊಗೆ ಹಾಕಿದೆ.

ಇಂದು ಮರುಳಪ್ಪನ ಶಿವಗಣಾರಾಧನೆ. ಅವನು ಹೋಗಿ ಹನ್ನೊಂದು ದಿನವಾಯಿತೆಂದು ನಂಬುವುದಕ್ಕೇ ಆಗುವುದಿಲ್ಲ. ಮೂರು ವರ್ಷದ ಮಗುವಾಗಿದ್ದಾಗ ಜ್ವರ ಬಂದು ಎರಡೂ ಕಾಲು ಕಳೆದುಕೊಂಡವನು. ಕೈಯಲ್ಲಿ ತಿರುಗಿಸುವ ಮೂರು ಗಾಲಿಯ ಗಾಡಿಯಲ್ಲಿ ಕೂತು ಕಂದಿಕೆರೆ, ಕೆಂಕೆರೆ, ಹುಳಿಯಾರಿನ ತನಕ ತಿರುಗಿದ. ಯಾರ ಮನೆಯಲ್ಲಿ ಕಾಲಿಲ್ಲದ ಮಗು ಇದೆ, ಕಣ್ಣಿಲ್ಲದ ಮಗು ಇದೆ ಎಂದು ಹುಡುಕಿ ಹುಡುಕಿ ಹೊರಗೆ ತಂದ. ಶಾಲೆಗೆ ಸೇರಿಸಿದ, ತಿಪಟೂರಿನ ಕ್ಯಾಂಪಿಗೆ ಕರೆದೊಯ್ದು ಕಾಲಿಗೆ ಪಟ್ಟಿ ಕೊಡಿಸಿದ. ಒಂದು ಕಚೇರಿಯ ಮೆಟ್ಟಿಲ ಬುಡದಲ್ಲಿ ಗಾಡಿ ನಿಲ್ಲಿಸಿ, "ನಂಗೆ ಮೇಲೆ ಬರಾಕೆ ಆಗಲ್ಲ, ಸಾಹೇಬ್ರಿಗೆ ಕೆಳಗೆ ಇಳಿಯಾಕೆ ಕಾಲು ಅವೆಯಲ್ಲ" ಎಂದು ಕೂತೇ ಇದ್ದನಂತೆ. ಆ ಮೆಟ್ಟಿಲ ಪಕ್ಕದಲ್ಲಿ ಈಗ ಇಳಿಜಾರು ಕಟ್ಟಿದ್ದಾರೆ.

ಅಂಥವನು ಇಳಿಜಾರಿನಲ್ಲೇ ಹೋದ. ಹುಳಿಯಾರು ರಸ್ತೆಯಲ್ಲಿ ಗಾಡಿ ತಡೆಯಿಲ್ಲದೆ ಓಡಿತು. ಎದುರಿಗೆ ಮಟ್ಟೆ ತುಂಬಿದ ಲಾರಿ. ಪಕ್ಕಕ್ಕೆ ಎಳೆದ. ಅವನು ಕಲ್ಲಿನ ಮೇಲೆ ಬಿದ್ದ, ಗಾಡಿ ಹುಲ್ಲಿನ ಮೇಲೆ ನಿಂತಿತ್ತಂತೆ.

ನಮ್ಮಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ, ಕೂರಿಸಿ ಒಯ್ಯುತ್ತೇವೆ. ಆ ದಿನ ಹೂವಿನ ವಿಮಾನದಲ್ಲಿ ಮರುಳಪ್ಪನನ್ನು ಕೂರಿಸಿ ಹೆಗಲ ಮೇಲೆ ಎತ್ತಿದಾಗ, ಅವನ ಮುಖ ನೋಡಲು ನಾನು ತಲೆ ಎತ್ತಬೇಕಾಯಿತು. ಇಷ್ಟು ವರ್ಷ ಬಗ್ಗಿ ಮಾತಾಡಿಸಿದ ಮುಖ.

ಇಂದು ಸಮಾಧಿಯ ಪಕ್ಕ ಗಾಡಿ ನಿಲ್ಲಿಸಿದ್ದರು. ಪಕ್ಕದ ಮನೆಯ ಹೊಂಬಾಳಮ್ಮ, "ನೋಡ್ರೇ, ಒಂದು ಗೀರು ಬಿದ್ದಿಲ್ಲ ಗಾಡಿಗೆ. ಮರುಳಪ್ಪ ಹೋದ್ರೂ ಗಾಡೀಲೇ ಅವ್ನೆ" ಎಂದು ಗಾಲಿಗೆ ವಿಭೂತಿ ಹಚ್ಚಿದಳು. ನಾನು ಮುಂದೆ ಹೋಗಿ ಮೊದಲ ಕಾಯಿ ಒಡೆದೆ.

ಊಟದ ಪಂಕ್ತಿಯಲ್ಲಿ ತಿಪಟೂರಿನ ಅಂಗವಿಕಲರ ಸಂಘದ ಬೆಟ್ಟಸ್ವಾಮಿ ಮೇಷ್ಟ್ರು ಮಂಗಳಳ ಪಕ್ಕ ಕೂತು ಏನೋ ಕೇಳುತ್ತಿದ್ದರು. ಇಬ್ಬರೂ ಗಾಡಿಯನ್ನು ನೋಡಿದರು.

೪ ಆಗಸ್ಟ್, ಬುಧವಾರ

ಲಾರಿ ಸದ್ದು ಕೇಳಿದರೆ ಎದೆ ಹೊಡೆದುಕೊಳ್ಳುತ್ತದೆ. ನಮ್ಮ ಮನೆ ರಸ್ತೆಗೇ ಇರುವುದರಿಂದ ದಿನವೆಲ್ಲ ಹೊಡೆದುಕೊಳ್ಳುತ್ತಲೇ ಇದೆ.

ಕಡೆಗೆ ಮಂಗಳಳನ್ನು ಕೇಳಿಯೇಬಿಟ್ಟೆ. "ಮೇಷ್ಟ್ರು ಏನಂದ್ರು ಮೊನ್ನೆ?"

"ಮರುಳಣ್ಣನ ಸುತ್ತು ಯಾರಾದ್ರೂ ಮುಂದುವರಿಸ್ಬೇಕು, ನೀನು ಹೋಯ್ತೀಯಾ ಅಂದ್ರು."

"ನೀನೇನಂದೆ?"

"ನಮ್ಮವ್ವ ಹೂಂ ಅಂದ್ರೆ ಹೋಯ್ತೀನಿ ಅಂದೆ."

"ಆ ಗಾಡಿ ಒಬ್ಬನ್ನ ತಿಂದೈತೆ ಕಣೇ."

"ಗಾಡಿ ತಿನ್ನಲಿಲ್ಲ ಕಣವ್ವ, ಬ್ರೇಕು ಹಿಡೀಲಿಲ್ಲ. ರಬ್ಬರು ಸವೆದಿತ್ತು. ಹಾಕಿಸ್ಕೊ ಅಂತ ನಾನೇ ಹೇಳಿದ್ದೆ."

ಏನೂ ಅಲ್ಲವೆಂಬಂತೆ ಹೇಳಿದಳು. ಇಪ್ಪತ್ತೆರಡು ವರ್ಷದವಳು. ಅವರಪ್ಪ ಹೋದ ಮೇಲೆ ಈ ಮನೆಯಲ್ಲಿ ನಾವಿಬ್ಬರೇ. ಊರುಗೋಲು ಹಿಡಿದು ಬಾವಿಕಟ್ಟೆಗೆ ಹೋದರೂ ಬರುವ ತನಕ ಬಾಗಿಲಲ್ಲಿ ನಿಲ್ಲುವವಳು ನಾನು. ಅವಳು ಆ ರಸ್ತೆಯಲ್ಲಿ, ಆ ಗಾಡಿಯಲ್ಲಿ.

ಮರುಳಪ್ಪ ನಮ್ಮ ಮನೆಗೆ ಮೊದಲ ಸಲ ಬಂದದ್ದು ನೆನಪಾಯಿತು. ಒಂದೇ ಊರಾದರೂ ಅವನು ಒಳಗೆ ಬಂದಿರಲಿಲ್ಲ. ನೀರು ಕೇಳಿದ. ಕುಡಿಯುತ್ತ ಗೋಡೆ ನೋಡಿದ. ಸುಣ್ಣದ ಗೋಡೆಯ ಕೆಳಗೆ, ಮೊಣಕಾಲಿನ ಎತ್ತರಕ್ಕೆ, ನಡುಮನೆಯಿಂದ ಹಿತ್ತಲ ತನಕ ಉದ್ದಕ್ಕೂ ಕರ್‍ರಗೆ ನುಣ್ಣಗೆ ಒಂದು ಪಟ್ಟೆ, ಅಲ್ಲಲ್ಲಿ ಬೆರಳಿನ ಗುರುತು.

"ಇದೇನವ್ವ ಗೋಡೆ ಮೇಲೆ?"

"ಕರು ಉಜ್ಕೊಳ್ತದೆ ಕಣಪ್ಪ."

"ಕರುಗೆ ಐದು ಬೆರಳಾ ಅವ್ವ?" ಎಂದು ನಕ್ಕ. ಒಳಗೆ ಮಂಗಳ ಕೂಡ ಕಿಸಕ್ಕನೆ ನಕ್ಕಳು. ಅವಳ ನಗೆಯನ್ನು ಹೊರಗಿನವರು ಕೇಳಿದ್ದು ಅದೇ ಮೊದಲು. ಅವನು ಎಲ್ಲ ಊರಿನಲ್ಲೂ ಹೀಗೇ ಹುಡುಕುತ್ತಿದ್ದ. ಮಕ್ಕಳೆಷ್ಟು ಎಂದು ಕೇಳುತ್ತಿರಲಿಲ್ಲ. ನೀರು ಕೇಳುತ್ತಿದ್ದ, ಗೋಡೆ ನೋಡುತ್ತಿದ್ದ.

೯ ಆಗಸ್ಟ್, ಸೋಮವಾರ

ಉಪವಾಸ. ಬೆಳಿಗ್ಗೆಯ ಕೆಲಸ ಬೇಗ ಮುಗಿಸಿ ಮರುಳಪ್ಪನ ತೋಟಕ್ಕೆ ಹೋದೆ. ಅಲ್ಲಿನ ಸಮಾಧಿಯನ್ನು ಈಗ ಎಲ್ಲರೂ ಗದ್ದುಗೆ ಎನ್ನುತ್ತಿದ್ದಾರೆ.

ನನ್ನ ಮೈದುನ ಪರಮಶಿವಯ್ಯ ಕೊಬ್ಬರಿ ವ್ಯಾಪಾರಸ್ಥ, ಊರಿನ ಹಿರಿಯ. ಅವನೇ ಮುಂದೆ ನಿಂತು ಗಾಡಿಗೆ ಗರಿ ಹೊದಿಸಿದ ಗುಡಿಯಂಥ ಮನೆ ಕಟ್ಟಿಸಿದ. ಮುಂದೆ ಕಂಬಿಯ ಬಾಗಿಲು, ಬೀಗ. ಗಾಡಿಗೆ ಹೂವಿನ ಹಾರ, ಹಿಡಿಗೆ ರುದ್ರಾಕ್ಷಿ, ಸೀಟಿನ ಮೇಲೆ ಮರುಳಪ್ಪನ ಫೋಟೋ.

"ಅತ್ತಿಗೆ, ಮೊದಲ ಕಾಯಿ ನೀನೇ ಒಡೆದಿದ್ದು. ದೀಪಾನೂ ನೀನೇ ಹಚ್ಚು" ಎಂದು ಬೀಗದಕೈ ನನ್ನ ಕೈಗಿಟ್ಟ.

ದೀಪ ಹಚ್ಚಿದೆ. ಎಷ್ಟೋ ದಿನದ ಮೇಲೆ ಉಸಿರು ಸಲೀಸಾಗಿ ಆಡಿತು. ಗಾಡಿ ದೇವರ ಗಾಡಿಯಾಯಿತು. ದೇವರ ಗಾಡಿಯನ್ನು ಯಾರೂ ಓಡಿಸುವಂತಿಲ್ಲ. ಶಿವನೇ, ನನ್ನ ಕಷ್ಟ ನಿನಗೆ ಗೊತ್ತಾಯಿತಲ್ಲ ಎಂದು ಕೈ ಮುಗಿದೆ.

ಪ್ರಸಾದದ ಕಾಯಿಚೂರು ತಂದು ಮಂಗಳಳಿಗೆ ಕೊಟ್ಟೆ. "ಮರುಳಣ್ಣನಿಗೆ ಬೀಗ ಹಾಕಿ ಬಂದ್ರಾ?" ಎಂದಳು. ಕಾಯಿ ತಿನ್ನಲಿಲ್ಲ.

೧೬ ಆಗಸ್ಟ್, ಸೋಮವಾರ

ಕಡೇ ಶ್ರಾವಣ ಸೋಮವಾರ. ಗದ್ದುಗೆಯ ಹತ್ತಿರ ಜನವೋ ಜನ. ಮಕ್ಕಳ ಕೈಕಾಲನ್ನು ಗಾಲಿಗೆ ಮುಟ್ಟಿಸುವುದು, ಗಾಲಿಯ ಮೇಲೇ ಕಾಯಿ ಒಡೆಯುವುದು. ಯಾರು ಶುರು ಮಾಡಿದರೋ ತಿಳಿಯದು. ಹೊಂಬಾಳಮ್ಮನ ಸೊಂಟನೋವು ಬಿಟ್ಟುಹೋಯಿತಂತೆ. "ಗಾಡಿಗೆ ಮೂರು ಸುತ್ತು ಬಂದೆ ಕಣೇ, ಈಗ ಕುಣೀಬಹುದು" ಎಂದಳು. "ಕುಣಿ ನೋಡಾಣ" ಎಂದಳು ಮಂಗಳ. ಹೊಂಬಾಳಮ್ಮ ಕುಣಿಯಲಿಲ್ಲ.

ಮಧ್ಯಾಹ್ನ ಜನ ಕರಗಿದ ಮೇಲೆ ಒಬ್ಬ ಹೆಂಗಸು ಬಂದಳು. ಹುಳಿಯಾರು ರಸ್ತೆಯಿಂದ ಕೆಂಕೆರೆಗೆ ಒಡೆಯುವ ದಾರಿಯ ಗೊಲ್ಲರಹಟ್ಟಿಯವಳು, ರಂಗಕ್ಕ ಎಂದು ಹೆಸರು. ಬೆನ್ನಿಗೆ ಐದಾರು ವರ್ಷದ ಹೆಣ್ಣುಮಗು ಕಟ್ಟಿಕೊಂಡಿದ್ದಳು. ಬೆಳಕು ಹರಿಯುವ ಮೊದಲೇ ಹೊರಟವಳಂತೆ. ನೀರು ಕೇಳಿದಳು. ಬೊಗಸೆಗೆ ಮೇಲಿಂದ ಹೊಯ್ದೆ, ಕುಡಿದಳು.

"ಮರುಳಪ್ಪಾರು ಬತ್ತೀನಿ ಅಂದಿದ್ರು ಅಮ್ಮಾರೆ. ನಮ್ಮ ಚಿತ್ತಿ ಕಾಲು ಅಳತೆ ತಗೊಂಡು ತಿಪಟೂರಿಗೆ ಕರ್‍ಕೊಂಡು ಹೋಯ್ತೀನಿ ಅಂದಿದ್ರು. ಹಾದಿ ನೋಡ್ತಾ ಕೂತಿದ್ವಿ. ಆಮ್ಯಾಲೆ ಹಿಂಗಾಯ್ತು ಅಂತ ಗೊತ್ತಾಯ್ತು. ಈಗ ಗಾಡಿ ದೇವ್ರು ಆಗೈತಂತಲ್ಲ?"

ಮಗುವನ್ನು ಇಳಿಸಿದಳು. ಮಗು ಕೈಯೂರಿ ಮೊಣಕಾಲ ಮೇಲೆ ಸರಸರನೆ ಗಾಡಿಯ ಕಡೆ ಹೋಯಿತು. ಮೊಣಕಾಲು ನೋಡಿದೆ. ಕಾಯಿಚಿಪ್ಪಿನಷ್ಟು ಗಟ್ಟಿ, ಕಪ್ಪು.

"ಎಷ್ಟು ಸಲ ಬರ್ಬೇಕು ಅಮ್ಮಾರೆ?"

ಇಂಥದ್ದಕ್ಕೆ ನಮ್ಮಲ್ಲಿ ಹೇಳುವ ಹಾಗೆ ಹೇಳಿಬಿಟ್ಟೆ. "ಐದು ಸೋಮವಾರ ಬಾರವ್ವ. ಶಿವ ಕಣ್ಣು ಬಿಡ್ತಾನೆ." ವಿಭೂತಿ ಹಚ್ಚಿ ಕಳಿಸಿದೆ.

೧೭ ಆಗಸ್ಟ್, ಮಂಗಳವಾರ

ಮಳೆ. ಐದು ಸೋಮವಾರ ಎಂದು ಯಾಕೆ ಅಂದೆನೋ.

೨೩ ಆಗಸ್ಟ್, ಸೋಮವಾರ

ನಿನ್ನೆ ಗಣೇಶನ ಹಬ್ಬ, ಇಂದು ಉಪವಾಸ. ರಂಗಕ್ಕ ಬಂದುಹೋದಳು. ಹಬ್ಬದ ಕಡುಬು ಉಳಿದಿತ್ತು, ಮಗುವಿಗೆ ಕೊಟ್ಟೆ.

ಸಂಜೆ ದುರ್ಗಯ್ಯ ಕಂಡಕ್ಟರಾಗಿರುವ ಬಸ್ಸಿನಲ್ಲಿ ಬೆಟ್ಟಸ್ವಾಮಿ ಮೇಷ್ಟ್ರು ಬಂದರು. ಪರಮಶಿವಯ್ಯನೂ ಬಂದು ಕೂತ. ಮೇಷ್ಟ್ರು ಮೆತ್ತಗೆ ಮಾತಾಡುವ ಮನುಷ್ಯ. ಕಣ್ಣು ಮಂಜು, ಓಡಾಟ ಕಷ್ಟ.

"ಶಿವರುದ್ರಮ್ಮನೋರೇ, ಗಾಡಿ ಸಂಘದ್ದು. ಹೊಸದಕ್ಕೆ ಅರ್ಜಿ ಹಾಕಿದ್ರೆ ಬರೋದು ಯಾವ ಕಾಲಕ್ಕೋ. ಯಾವ ಹಳ್ಳಿ, ಯಾವ ಮನೆ, ಯಾವ ಮಗು ಅನ್ನೋದು ಗೊತ್ತಿರೋಳು ಅವನ ಲೆಕ್ಕದ ಪುಸ್ತಕ ಬರೀತಿದ್ದ ಮಂಗಳ ಒಬ್ಳೇ. ಮರುಳಪ್ಪ ಕಣದಲ್ಲಿ ಅವಳಿಗೆ ಗಾಡಿ ಓಡಿಸೋದೂ ಕಲಿಸಿದ್ದ. ಆದ್ರೆ ಜನ ಅದನ್ನ ದೇವ್ರು ಅಂತ ನಡ್ಕೊಳ್ತಾ ಇದಾರೆ. ದೀಪ ಹಚ್ಚಿದೋರು ನೀವು. ಮಗಳೂ ನಿಮ್ಮೋಳು. ನೀವು ಬೇಡ ಅಂದ್ರೆ ನಾನು ಗಾಡಿಗೆ ಕೈ ಹಾಕಲ್ಲ."

"ಬೇಡ ಅಂತಲೇ ಬರ್ಕೊಳಿ ಮೇಷ್ಟ್ರೇ" ಎಂದ ಪರಮಶಿವಯ್ಯ. "ದೇವ್ರನ್ನ ಹೊರಗೆ ಎಳ್ಕೊಂಡು ಹೋಗಿ ರಸ್ತೇಲಿ ತುಳಿಯೋದಾ? ಅದೂ ಒಂದು ಹೆಣ್ಣು, ಒಬ್ಳೇ? ಲಾರಿ ಡ್ರೈವರ್‌ಗಳು ಎಂಥೋರು ಅಂತ ನಂಗೆ ಗೊತ್ತು, ಕೊಬ್ಬರಿ ತುಂಬ್ಸೋನು ನಾನು."

ಮಂಗಳ ಹಿಂದಿನ ಬಾಗಿಲಲ್ಲಿ ನಿಂತಿದ್ದಳು. ಅವಳು ಏನಾದರೂ ಅಂದಿದ್ದರೆ ನಾನು ಬೇಡ ಎನ್ನುತ್ತಿದ್ದೆ.

"ಅವಸರ ಇಲ್ಲ" ಎಂದರು ಮೇಷ್ಟ್ರು. "ಯೋಚ್ನೆ ಮಾಡಿ ಬರೆದಿಡಿ. ಹೇಳಿ ಕಳಿಸಿದ್ರೆ ಯಾರನ್ನಾದ್ರೂ ಕಳಿಸಿ ಉತ್ತರ ತರಿಸ್ಕೋತೀನಿ."

ಬಸ್ಸು ಹೋದ ಮೇಲೂ ಬಾಗಿಲಲ್ಲೇ ನಿಂತಿದ್ದೆ. ಕತ್ತಲಾಗುವಾಗ ಆ ಇಳಿಜಾರಿನಲ್ಲಿ ಬಿದ್ದರೆ ಎತ್ತುವವರು ಯಾರು. ಯಾರೋ ಎತ್ತುವ ನೆಪದಲ್ಲಿ ಕೈ ಹಾಕಿದರೆ. ನಾನು ಸತ್ತರೆ ಯಾರು. ನಾನು ಸಾಯುವ ಮೊದಲು ಅವಳೇ ಹೋದರೆ. ಲಿಂಗ ಅಂಗೈಯಲ್ಲಿಟ್ಟುಕೊಂಡು ಕೂತೆ.

೩೦ ಆಗಸ್ಟ್, ಸೋಮವಾರ

ಉಪವಾಸ. ಗುಡಿ ಒರೆಸುವಾಗ ಗಾಲಿ ನೋಡಿದೆ. ಕಡ್ಡಿಗಳ ಬುಡದಲ್ಲೆಲ್ಲ ತುಕ್ಕು. ಒಂದು ಕಡ್ಡಿ ಮುಟ್ಟಿದರೆ ಕೆಂಪು ಪುಡಿ ಬೆರಳಿಗೆ ಬಂತು, ಕುಂಕುಮವೆಂದುಕೊಂಡೆ. ಕುಂಕುಮವಲ್ಲ.

ಎಳನೀರು, ಕಾಯಿನೀರು ಕಬ್ಬಿಣ ತಿನ್ನುತ್ತದೆ. ತೆಂಗಿನ ಸೀಮೆಯಲ್ಲಿ ಹುಟ್ಟಿದ ಯಾರಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ. ನಮ್ಮ ಕಾಯಿ ಒಡೆಯುವ ಮಚ್ಚನ್ನು ದಿನಾ ಒರೆಸಿ ಎಣ್ಣೆ ಸವರಿ ಇಡುತ್ತೇನೆ. ಗಾಲಿಯ ಮೇಲೆ ದಿನಕ್ಕೆ ಎಷ್ಟು ಕಾಯಿ ಒಡೆಯುತ್ತಾರೆ. ಹೀಗೇ ಬಿಟ್ಟರೆ ದೀಪಾವಳಿಯ ಹೊತ್ತಿಗೆ ಗಾಲಿ ತಿರುಗುವುದಿಲ್ಲ.

ಬಟ್ಟೆ ಕೈಯಲ್ಲಿತ್ತು. ಒರೆಸಬಹುದಿತ್ತು. ಬಟ್ಟೆ ಮಡಿಸಿಟ್ಟು, ಬೀಗ ಹಾಕಿ ಮನೆಗೆ ಬಂದೆ. ನಾನು ಬೇಡ ಎನ್ನುವ ಅಗತ್ಯವೇ ಇಲ್ಲವಲ್ಲ ಎಂದು ದಾರಿಯಲ್ಲಿ ಅನ್ನಿಸಿತು. ಶಿವನ ಮುಂದೆ ಕೂತಾಗ ಮಾತ್ರ ಮಂತ್ರ ಎರಡು ಸಲ ತಪ್ಪಿತು.

ರಂಗಕ್ಕ ಇಂದೂ ಬಂದಿದ್ದಳು.

೨ ಸೆಪ್ಟೆಂಬರ್, ಗುರುವಾರ

ಮಂಗಳ ಊಟಕ್ಕೆ ಕೂತಾಗ ಅವಳ ಅಂಗೈ ನೋಡಿದೆ. ಕರ್‍ರಗೆ ಜಿಡ್ಡು. ಕೇಳಿದರೆ ಮುಚ್ಚಿಡಲಿಲ್ಲ.

"ಚೈನಿಗೆ ಎಣ್ಣೆ ಹಾಕ್ದೆ. ಕಂಬಿ ಸಂದೀಲಿ ಕೈ ಹೋಯ್ತದೆ."

"ದೇವ್ರ ಮೈ ಮುಟ್ಟಿದ್ಯಾ, ಸ್ನಾನ ಇಲ್ದೆ?"

"ಹೊಟ್ಟೆ ಕೆಳಗೆ ಮುಟ್ಟಿದೀನಿ. ಹಾರ ಇರೋ ಜಾಗ ಮುಟ್ಟಿಲ್ಲ ಬುಡು." ಆಮೇಲೆ, ತಟ್ಟೆ ನೋಡುತ್ತ, "ಹಿಂದಿನ ಗಾಲಿ ಕಡ್ಡಿಗೆ ಕೈ ಎಟುಕಲ್ಲ. ಅಲ್ಲಿ ತುಕ್ಕು ಹಿಡಿದೈತೆ. ನೀನು ನೋಡಿದೀಯಾ ಅವ್ವ?"

"ಇಲ್ಲ" ಎಂದೆ.

೬ ಸೆಪ್ಟೆಂಬರ್, ಸೋಮವಾರ

ಉಪವಾಸ. ನಾಲ್ಕನೇ ಸಲ ರಂಗಕ್ಕ. ಕುರಿ ಕಾಯುವುದನ್ನು ಬಿಟ್ಟು ಬರುತ್ತಾಳೆಂದು ಗಂಡ ಬೈಯುತ್ತಾನಂತೆ. ಅವಳು ನಗುತ್ತಲೇ ಹೇಳಿದಳು. ಸೆರಗಿನ ಗಂಟು ಬಿಚ್ಚಿ ತೋರಿಸಿದಳು. ಒಂದು ಜೊತೆ ಸಣ್ಣ ಚಪ್ಪಲಿ. ಕೆಂಪು ಬಾರಿನವು.

"ಹುಳಿಯಾರು ಸಂತೇಲಿ ತಂದೆ ಅಮ್ಮಾರೆ. ಬರೋ ಸೋಮವಾರಕ್ಕೆ ಬೇಕಾಯ್ತದಲ್ಲ."

ಚಿತ್ತಿ ಅವನ್ನು ಕೈಗೆ ಹಾಕಿಕೊಂಡು ನೆಲದ ಮೇಲೆ ಟಪಟಪ ಬಡಿಯುತ್ತ ಗಾಡಿ ಸುತ್ತಿದಳು.

ನಾನು ಏನಾದರೂ ಹೇಳಬೇಕಿತ್ತು. ವಿಭೂತಿ ಹಚ್ಚಿ ಕಳಿಸಿದೆ. ಸಂಜೆ ಫಲಾಹಾರವೂ ಸೇರಲಿಲ್ಲ.

೧೨ ಸೆಪ್ಟೆಂಬರ್, ಭಾನುವಾರ

ನಾಳೆ ಐದನೇದು. ಮಳೆ ಜೋರಾಗಿ ಬರಲಿ, ಹಳ್ಳ ತುಂಬಲಿ, ಅವಳು ಬಾರದಿರಲಿ ಎಂದು ಬೇಡಿಕೊಂಡೆ. ನಕ್ಷತ್ರ ಕಾಣುತ್ತಿದೆ.

೧೩ ಸೆಪ್ಟೆಂಬರ್, ಸೋಮವಾರ

ಉಪವಾಸ. ಹಸು ಒದೆಯಿತು, ಹಾಲು ಚೆಲ್ಲಿತು.

ಮಂಗಳ ನಾನೂ ಬರುತ್ತೇನೆಂದಳು. ಬೇಡವೆನ್ನುವ ಶಕ್ತಿ ಇರಲಿಲ್ಲ. ಅವಳು ಊರುಗೋಲು ಹಾಕಿಕೊಂಡು ನಿಧಾನ ಬಂದು ಗದ್ದುಗೆಯ ಕಟ್ಟೆಯ ಮೇಲೆ ಕೂತಳು.

ರಂಗಕ್ಕ ಬಂದಳು. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದಳು. ಮಗುವಿಗೆ ಹೂ ಮುಡಿಸಿದ್ದಳು. ಪೂಜೆಯಾಯಿತು. ಗಾಲಿಗೆ ಕಾಲು ಮುಟ್ಟಿಸಿದ್ದಾಯಿತು. ಆಮೇಲೆ ಕೆಂಪು ಚಪ್ಪಲಿ ತೆಗೆದು ಮಗುವಿನ ಪಾದಕ್ಕೆ ಸಿಕ್ಕಿಸಿದಳು. ಪಾದ ಒಳಕ್ಕೆ ತಿರುಗಿದ್ದರಿಂದ ಒಂದು ಉಲ್ಟಾ ಕೂತಿತು. ಕಂಕುಳಿಗೆ ಕೈ ಕೊಟ್ಟು ಎತ್ತಿ ನಿಲ್ಲಿಸಿದಳು.

"ಐದಾಯ್ತು ಅಮ್ಮಾರೆ" ಎಂದು ನನ್ನ ಮುಖ ನೋಡಿದಳು. "ಬುಡಲಾ?"

ಎಷ್ಟು ನಂಬಿಕೆಯ ಮುಖ. ನನಗೆ ಓಡಿಹೋಗಬೇಕೆನಿಸಿತು. ಹೂಂ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ರಂಗಕ್ಕ ಕೈ ಬಿಟ್ಟಳು.

ಮಗು ತೆಂಗಿನ ಗರಿ ಜಾರುವ ಹಾಗೆ ಕೆಳಕ್ಕೆ ಇಳಿದುಹೋಯಿತು. ಅಳಲಿಲ್ಲ. ಅದಕ್ಕೆ ಅಭ್ಯಾಸವೇ. ರಂಗಕ್ಕನೂ ಅಳಲಿಲ್ಲ. ಅವಳು, "ನಮ್ಮದೇನೋ ಮೈಲಿಗೆ ಆಗಿರ್ಬೇಕು ಅಮ್ಮಾರೆ. ಇನ್ನೊಂದೈದು ವಾರ ಬತ್ತೀನಿ" ಎಂದಳು.

ಆಗ ಹಿಂದೆ ಕಬ್ಬಿಣದ ಸದ್ದಾಯಿತು. ಮಂಗಳ ಕಟ್ಟೆಯಿಂದ ಇಳಿದು ಬಂದು ಮಗುವಿನ ಮುಂದೆ ನಿಂತಳು. ಲಂಗ ಮೊಣಕಾಲ ತನಕ ಎತ್ತಿದಳು. ಹೊರಗಿನ ಯಾರ ಮುಂದೆಯೂ ತಾನಾಗಿ ಹಾಗೆ ಎತ್ತಿದವಳಲ್ಲ.

"ನೋಡೇ ಚಿತ್ತಿ. ನಂಗೂ ನಿನ್ನಂಗೇ ಮೊಣಕಾಲು ಗಟ್ಟಿ ಇತ್ತು. ಈ ಕಬ್ಬಿಣ ಹಿಡ್ಕೊಂಡೈತೆ ನನ್ನ. ಮುಟ್ಟು, ಕಚ್ಚಲ್ಲ."

ಮಗು ಪಟ್ಟಿ ಮುಟ್ಟಿತು, ಬಕ್ಕಲು ಎಳೆಯಿತು, ಚರ್ಮ ಮೂಸಿ ನೋಡಿತು. ನಕ್ಕಿತು.

"ಇದನ್ನ ಗಾಡಿ ಕೊಡ್ತಾ?" ಎಂದಳು ರಂಗಕ್ಕ.

"ಗಾಡೀಲಿ ಬಂದೋರು ಕೊಡ್ಸಿದ್ರು."

ರಂಗಕ್ಕ ಬೀಗ ನೋಡಿದಳು. "ಹಂಗಾದ್ರೆ ಗಾಡಿ ಇನ್ನು ನಮ್ಮ ಹಟ್ಟೀಗೆ ಬರಲ್ವಾ?"

ಮಂಗಳ ಎತ್ತಿದ ಲಂಗ ಇಳಿಸಿಕೊಂಡಳು. ನನ್ನ ಕಡೆ ನೋಡಲಿಲ್ಲ. ಬೀಗದಕೈ ನನ್ನ ಸೊಂಟದಲ್ಲಿತ್ತು. ಅಷ್ಟು ಭಾರ ಅದು ಯಾವತ್ತೂ ಇರಲಿಲ್ಲ.

"ಗುರುವಾರ ಮನೇಲಿರು ರಂಗಕ್ಕ" ಎಂದೆ. ಮಾತು ಹೇಗೆ ಹೊರಬಿತ್ತೋ.

೧೪ ಸೆಪ್ಟೆಂಬರ್, ಮಂಗಳವಾರ

ಸೀಮೆಎಣ್ಣೆ, ಕಾಯಿನಾರು ತೆಗೆದುಕೊಂಡು ಹೋದೆ. ಮೊದಲು ದೀಪ ಹಚ್ಚಿ, ಗಾಡಿಯ ಮುಂದೆ ತಲೆ ನೆಲಕ್ಕೆ ಇಟ್ಟೆ. ತಪ್ಪಾದರೆ ನನಗೆ ಕೊಡು ಶಿಕ್ಷೆ, ಅವಳಿಗೆ ಬೇಡ ಎಂದೆ. ಹಾರ ತೆಗೆದು ಸಮಾಧಿಗೆ ಹಾಕಿದೆ. ಕಡ್ಡಿ ಕಡ್ಡಿ ಉಜ್ಜಿದೆ. ಕೈಯೆಲ್ಲ ಕೆಂಪು. ಸಿಡಿಲು ಹೊಡೆಯುತ್ತದೇನೋ ಎಂದು ಆಗಾಗ ಆಕಾಶ ನೋಡಿದೆ. ಬಿಸಿಲಿತ್ತು.

ಪರಮಶಿವಯ್ಯ ಸುದ್ದಿ ತಿಳಿದು ಓಡಿಬಂದ. "ಅತ್ತಿಗೆ, ಏನು ಅಪಚಾರ ಇದು? ಶನಿವಾರದಿಂದ ಅಧಿಕಮಾಸ. ಹೊಸ ಕೆಲ್ಸಕ್ಕೆ ಕೈ ಹಾಕ್ಬಾರ್ದು ಅಂತ ಗೊತ್ತಿಲ್ವಾ?"

"ಹೊಸ ಕೆಲ್ಸ ಅಲ್ಲ ಪರಮಶಿವಯ್ಯ. ಮರುಳಪ್ಪಂದೇ ಹಳೇ ಕೆಲ್ಸ."

"ಏನಾದ್ರೂ ಆದ್ರೆ?"

"ಆಯ್ತದೆ ಅಂತಲೇ ನಂಗೂ ಭಯ" ಎಂದೆ. ಸುಳ್ಳು ಹೇಳಲಿಲ್ಲ. ಅವನು ಇನ್ನೂ ಏನೋ ಅನ್ನಬೇಕೆಂದಿದ್ದ. ಹಿಂದಿನ ಗಾಲಿಗೆ ನನ್ನ ಕೈ ಎಟುಕದ್ದು ನೋಡಿ, ಬೈದುಕೊಂಡೇ ಗಾಡಿ ಎತ್ತಿ ಹಿಡಿದ.

೧೬ ಸೆಪ್ಟೆಂಬರ್, ಗುರುವಾರ

ಹೋಗಿ ಬಂದೆವು. ಬರೆಯಲು ಕೈ ಸರಿಯಾಗಿ ಆಡುತ್ತಿಲ್ಲ, ಅಂಗೈ ಸುಲಿದಿದೆ.

ಮಂಗಳ ಗಾಡಿಯಲ್ಲಿ, ನಾನು ಹಿಂದೆ. ಸಮ ನೆಲದಲ್ಲಿ ನೂಕಿದೆ. ಏರಿನಲ್ಲಿ ನೂಕಿದೆ. ಆ ಇಳಿಜಾರು ಬಂದಾಗ ನನ್ನ ಕಾಲು ನಿಂತುಬಿಟ್ಟವು. ಮರುಳಪ್ಪ ಬಿದ್ದ ಕಲ್ಲು ಅಲ್ಲೇ ಇದೆ. ಯಾರೋ ಅದಕ್ಕೂ ಕುಂಕುಮ ಹಚ್ಚಿದ್ದಾರೆ. ಬ್ರೇಕಿನ ರಬ್ಬರು ಇನ್ನೂ ಹೊಸದು ಹಾಕಿಸಿಲ್ಲ.

ಹಿತ್ತಲಿಂದ ಕರುವಿನ ಹಗ್ಗ ತಂದಿದ್ದೆ. ನಾರಿನ ಹಗ್ಗ, ಗಟ್ಟಿ. ಗಾಡಿಯ ಹಿಂದಿನ ಕಂಬಿಗೆ ಕಟ್ಟಿ, ಇನ್ನೊಂದು ತುದಿ ಸೊಂಟಕ್ಕೆ ಸುತ್ತಿ ಹಿಂದಕ್ಕೆ ವಾಲಿ ನಿಂತೆ.

"ಇಳಿ" ಎಂದೆ.

"ಅವ್ವ, ನನ್ನ ಕರು ಮಾಡ್ಕೊಂಡ್ಯಲ್ಲ" ಎಂದು ನಗುತ್ತ ಇಳಿದಳು. ಹಗ್ಗ ಅಂಗೈ ಕಿತ್ತಿತು. ಲಾರಿಯೊಂದು ಬಂತು. ಕಣ್ಣು ಮುಚ್ಚಿ ಶಿವ ಶಿವ ಎಂದೆ. ಡ್ರೈವರು ನಿಧಾನ ಮಾಡಿ, "ಬ್ರೇಕು ಚೆನ್ನಾಗೈತೆ ಕಣಮ್ಮೋ" ಎಂದು ಕೂಗಿ ಹೋದ. ನನ್ನನ್ನೇ ಬ್ರೇಕು ಎಂದದ್ದು. ಕೆಳಗೆ ಮುಟ್ಟಿದಾಗ ಸೀರೆ ಬೆವರಿಗೆ ಮೈಗಂಟಿತ್ತು.

ಹಟ್ಟಿಯಲ್ಲಿ ಮಂಗಳ ಚಿತ್ತಿಯ ಕಾಲು ಅಳೆದಳು. ಮುಂದಿನ ಕ್ಯಾಂಪಿಗೆ ರಂಗಕ್ಕನ ಗಂಡನೂ ಬರುತ್ತೇನೆಂದ. ನನಗೆ ಬಾಯಾರಿತ್ತು. ಪಕ್ಕದ ಗುಡಿಸಲಿನ ಮುದುಕಿ ಹುಚ್ಚಕ್ಕನನ್ನು ನೀರು ಕೇಳಿದೆ. ಅವಳು ನನ್ನ ಹಣೆಯ ವಿಭೂತಿ, ಕೊರಳ ಲಿಂಗ ನೋಡಿ ಚೆಂಬು ಹಿಡಿದುಕೊಂಡೇ ನಿಂತಳು. ಅವಳ ಕೈಯಿಂದಲೇ ತೆಗೆದುಕೊಂಡು ಕುಡಿದೆ.

ಚೆಂಬು ವಾಪಸು ಕೊಡುವಾಗ ಅವಳ ಮಣ್ಣಿನ ಗೋಡೆ ಕಂಡಿತು. ಸೊಂಟದ ಎತ್ತರಕ್ಕೆ ಉದ್ದಕ್ಕೂ ನುಣ್ಣಗೆ ಪಟ್ಟೆ.

"ಆಡು ಉಜ್ಕೊಳ್ತವೆ ಅಮ್ಮಾರೆ" ಎಂದಳು, ನಾನು ಕೇಳುವ ಮೊದಲೇ.

"ಆಡಿಗೆ ಐದು ಬೆರಳಾ ಹುಚ್ಚಕ್ಕ?" ಎಂದೆ.

ಒಳಗೆ ಯಾರೋ ಉಸಿರು ಬಿಗಿಹಿಡಿದ ಹಾಗಾಯಿತು. ಮಂಗಳಳನ್ನು ಕರೆದೆ.

ಮನೆಗೆ ಬಂದು ಅಂಗೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡೆ. ಉರಿ.

೨೦ ಸೆಪ್ಟೆಂಬರ್, ಸೋಮವಾರ

ಉಪವಾಸ. ಅಂಗಳ, ಹಸು, ಪೂಜೆ ಎಲ್ಲ ಆಯಿತು. ಗದ್ದುಗೆಯಲ್ಲಿ ದೀಪ ಹಚ್ಚಿ ಬಂದೆ. ಗುಡಿಯ ಕಂಬಿ ಬಾಗಿಲು ತೆರೆದೇ ಇದೆ. ಫೋಟೋ ಸಮಾಧಿಯ ಮೇಲೆ ಇಟ್ಟಿದ್ದೇವೆ. ಹೊಂಬಾಳಮ್ಮ ಸಿಟ್ಟಾಗಿದ್ದಾಳೆ, ಸೊಂಟನೋವು ವಾಪಸು ಬಂತಂತೆ.

ಮೇಷ್ಟ್ರಿಗೆ ಉತ್ತರ ಬರೆದೆ. ನಾಲ್ಕು ಸಲ ಹರಿದು ಐದನೇ ಸಲಕ್ಕೆ ಹೀಗೆ ಬಂತು:

"ಬೆಟ್ಟಸ್ವಾಮಿ ಮೇಷ್ಟ್ರಿಗೆ ಶಿವರುದ್ರಮ್ಮನ ಶರಣು. ಗಾಡಿ ಗುಡಿಯಲ್ಲಿ ಇರುವುದು ಬೇಡ. ಮಂಗಳ ಹೋಗಲಿ. ನಾನು ಹೂಂ ಎಂದದ್ದು ಧೈರ್ಯ ಬಂದು ಅಲ್ಲ. ಲಾರಿ ಸದ್ದಿಗೆ ಈಗಲೂ ಕೈಕಾಲು ನಡುಗುತ್ತದೆ. ಅವಳು ಒಬ್ಬಳೇ ಹೋಗುವ ದಿನ ಬಂದರೆ ನಾನು ಏನಾಗುತ್ತೇನೋ ತಿಳಿಯದು, ಅಲ್ಲಿಯ ತನಕ ಹಿಂದೆ ನಾನಿರುತ್ತೇನೆ. ಹಟ್ಟಿಯಲ್ಲಿ ಹುಚ್ಚಕ್ಕನ ಮೊಮ್ಮಗಳು ಸಿಕ್ಕಿದ್ದಾಳೆ, ಕಣ್ಣು ಕಾಣದು. ಅವಳ ಹೆಸರೂ ಸೇರಿಸಿಕೊಳ್ಳಿ."

ಬೆಳಗಿನ ಬಸ್ಸಿನಲ್ಲಿ ದುರ್ಗಯ್ಯನಿಗೆ ಈ ಕಾಗದವನ್ನೇ ಕೊಟ್ಟು ಕಳಿಸಬಹುದಿತ್ತು. ಕೈ ಚಾಚಿದ್ದ. ಕೊಡಲಿಲ್ಲ. ಕೊಟ್ಟರೆ ಮೇಷ್ಟ್ರು ಓದಿ ಸಂತೋಷಪಟ್ಟು ಕೂತುಬಿಡುತ್ತಾರೆ. ಬಾಯಿಮಾತು ಕಳಿಸಿದೆ. ಮಂಗಳ ಅಂಗಳದಲ್ಲಿ ಗಾಡಿಯ ಗಂಟೆ ಬಾರಿಸುತ್ತಿದ್ದಾಳೆ, ಕಂದಿಕೆರೆಗೆ ಹೊರಡಬೇಕು, ಆ ದಾರಿಯಲ್ಲೂ ಒಂದು ಇಳಿಜಾರು ಇದೆ. ದುರ್ಗಯ್ಯ ಮಾತು ಮರೆಯುವವನು, ಅದಕ್ಕೆ ಎರಡು ಸಲ ಹೇಳಿಸಿದೆ:

"ಮೇಷ್ಟ್ರಿಗೆ ಹೇಳಪ್ಪ. ಉತ್ತರ ಬರೆದು ಬಾಗಿಲ ಮೇಲಿನ ಸಂದೀಲಿ ಇಟ್ಟಿದೀನಿ, ನಾವು ಮನೇಲಿರಲ್ಲ. ಯಾರನ್ನಾದ್ರೂ ಕಳಿಸಿ ತರಿಸ್ಕೊಳ್ಳಲಿ. ಬರೋರು ಬರಿಗೈಲಿ ಬರೋದು ಬೇಡ, ಬ್ರೇಕಿಗೆ ಹೊಸಾ ರಬ್ಬರು ತರ್ಲಿ. ಬೇಗ ಬರ್ಲಿ, ಹಗ್ಗ ಸವೀತಾ ಐತೆ."